ಅಕ್ಕ ಅಂದವರು, ಸಾರ್ ಅಂದವರು

(ಮಾತಾಡುತ್ತಿರುವವರು ಇಬ್ಬರು. ಒಬ್ಬರು ತುರುವೇಕೆರೆ ತಾಲ್ಲೂಕಿನ ಹಳ್ಳಿಗಳಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು, ಈಗ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಇನ್ನೊಬ್ಬರು ಅವರ ಹಳೇ ವಿದ್ಯಾರ್ಥಿನಿ, ಆಸ್ಪತ್ರೆಯೊಂದರಲ್ಲಿ ನರ್ಸ್. ಅಟ್ಟದಿಂದ ಕಾಯಿ ಇಳಿಸುವ ದಿನ, ತೋಟದ ಮನೆಯ ಜಗಲಿ.)

– ಸಾರ್, ಗುರುತು ಪರಿಚಯ ಇಲ್ಲದೋರು ನಿಮ್ಮನ್ನ ಏನಂತ ಕರೆದ್ರೆ ನಿಮಗೆ ಹಿತ?

– ಮೇಷ್ಟ್ರೇ ಅಂದ್ರೆ ಹಿತ ಕಣಮ್ಮ. ಅದು ನಾನು ದುಡಿದ ಕೆಲಸದ ಹೆಸರು. ಯಜಮಾನ್ರೇ ಅಂದ್ರೂ ಸರಿಯೇ. ಅಂಕಲ್ ಅಂದ್ರೆ ಒಳಗೆ ಏನೂ ಆಗಲ್ಲ, ಬರೀ ಕಿವಿಗೆ ಬಿದ್ದು ಹೋಗುತ್ತೆ. ಯಾಕೆ ಕೇಳ್ತಿದೀಯ?

– ಒಂದು ಡ್ಯೂಟಿ ಮುಗಿಯೋದ್ರೊಳಗೆ ನನಗೆ ಸಿಸ್ಟರ್, ಮೇಡಂ, ಅಕ್ಕ, ಅಮ್ಮ, ತಾಯಿ, ಆಂಟಿ ಎಲ್ಲಾ ಆಗಿಹೋಗುತ್ತೆ. ಮೊನ್ನೆ ಒಬ್ಬ, ರೋಗಿ ಕಡೆಯವನು, ಹೆಚ್ಚುಕಮ್ಮಿ ನನ್ನ ವಯಸ್ಸಿನವನೇ, 'ಚಿನ್ನಾ, ಡ್ರಿಪ್ ಮುಗೀತಾ ಬಂತು ನೋಡು' ಅಂದ. ಡ್ರಿಪ್ ಬದಲಾಯಿಸಿದೆ. ಆಮೇಲೆ ಹೊರಗೆ ಕರೆದು, 'ನನ್ನ ಹೆಸರು ಇಲ್ಲಿ ಪಟ್ಟಿಯಲ್ಲಿದೆ, ಹೆಸರು ಹಿಡಿದು ಕರೀರಿ, ಇಲ್ಲಾ ಸಿಸ್ಟರ್ ಅನ್ನಿ' ಅಂದೆ. 'ಪ್ರೀತಿಯಿಂದ ಅಂದೆ, ತಪ್ಪೇನು?' ಅಂತ ಅವನೇ ಮುಖ ಊದಿಸ್ಕೊಂಡ.

– ನೀನು ಮಾಡಿದ್ದು ಸರಿ.

– ಅದೇ ವಾರ್ಡಿನಲ್ಲಿ ಹುಳಿಯಾರು ಕಡೆಯ ಅಜ್ಜಿ ಒಬ್ಬರಿದ್ರು. 'ಬಾರೇ ಮಗಳೇ, ನಿನ್ ಹೊಟ್ಟೆ ತಣ್ಣಗಿರ್ಲಿ' ಅಂತ ದಿನಾ ಕೈ ಹಿಡ್ಕೊಳ್ಳೋರು. ಅವರಿಗೂ ನನ್ನ ಗುರುತಿಲ್ಲ, ಅವರದ್ದೂ ಏಕವಚನವೇ. ಆದ್ರೆ ಆ ಮಾತು ಕೇಳೋಕೆ ಅಂತಲೇ ನಾನು ಆ ಮಂಚದ ಹತ್ರ ಇನ್ನೊಂದು ಸಲ ಹೋಗಿದ್ದಿದೆ. ಎರಡೂ ಮುದ್ದಿನ ಮಾತೇ. ಒಂದು ಯಾಕೆ ಚುಚ್ಚುತ್ತೆ, ಒಂದು ಯಾಕೆ ತಂಪು ಮಾಡುತ್ತೆ?

– ಅಜ್ಜಿ ನಿನಗೆ ಏನೋ ಕೊಡ್ತಿದ್ರು. ಅವನು ನಿನ್ನಿಂದ ಏನೋ ತಗೊಳ್ಳೋಕೆ ನೋಡಿದ. ನೀನು ಅವನಿಗೆ ಎಷ್ಟು ಹತ್ತಿರ ಅನ್ನೋದನ್ನ ನಿನ್ನ ಕೇಳದೇ ಅವನೇ ತೀರ್ಮಾನ ಮಾಡ್ಬಿಟ್ಟ. ಹಂಗಂತ ನಮ್ಮ ಕಡೆಯ ಅಣ್ಣ, ಅಕ್ಕಗಳನ್ನೆಲ್ಲ ಅನುಮಾನದಿಂದ ನೋಡ್ಬೇಡ. ಇಲ್ಲಿ ದೊಡ್ಡೋರನ್ನ ಹೆಸರು ಹಿಡಿದು ಕರೆಯೋದೇ ಅಗೌರವ. ಹೆಸರು ಕರೆಯೋ ಹಂಗಿಲ್ಲ, ಯಾರು ಏನು ಅಂತ ಗೊತ್ತಿಲ್ಲ, ಆವಾಗ ನಂಟಿನ ಹೆಸರೇ ಗತಿ. ಚಿಕ್ಕನಾಯಕನಹಳ್ಳಿ ಬಸ್ಸಿನಲ್ಲಿ 'ಅಣ್ಣಾ, ಒಸಿ ಜರುಗಣ್ಣಾ' ಅಂದ್ರೆ ಮೂರು ಜನರ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಆಗುತ್ತೆ. 'ಸಾರ್, ಜರುಗಿ' ಅಂದ್ರೆ ಆಗಲ್ಲ. ಅಣ್ಣ ಅಂತ ಅನ್ನಿಸಿಕೊಂಡ ಮೇಲೆ ಅಣ್ಣನಂಗೆ ನಡ್ಕೋಬೇಕಲ್ಲ, ಆ ಹೊಣೆ ಅವನ ಮೇಲೆ ಬೀಳುತ್ತೆ.

– ಆ ಹೊಣೆ ನನ್ನ ಮೇಲೂ ಬೀಳುತ್ತೆ ಸಾರ್, ಅದೇ ಕಷ್ಟ. 'ಅಕ್ಕಾ, ನಮ್ದೊಂದು ಮೊದ್ಲು ನೋಡಕ್ಕಾ' ಅಂತ ಸಾಲು ಬಿಟ್ಟು ಬರ್ತಾರೆ. ಹಿಂದೆ ನಿಂತಿರೋ ಹೆಂಗಸು ಬಾಯಿಬಿಟ್ಟು ಅಕ್ಕ ಅನ್ನಲಿಲ್ಲ, ಸುಮ್ಮನೆ ನಿಂತಿದ್ದಾಳೆ. ಅಕ್ಕ ಅಂದವರಿಗೆ ಮೊದ್ಲು ಸೂಜಿ ಹಾಕಿದ್ರೆ ಅವಳಿಗೆ ಮೋಸ. ಸಿಸ್ಟರ್ ಅಂದ್ರೂ ಅಕ್ಕ ಅಂತಲೇ ಅರ್ಥ, ಆದ್ರೆ ಅದು ಈಗ ಕೆಲಸದ ಹೆಸರಾಗಿದೆ. ಎಲ್ಲರಿಗೂ ಒಂದೇ ಥರ ಸಿಸ್ಟರ್ ನಾನು. ಸರ್ಕಾರದ ಕಾಗದದಲ್ಲಿ ಈಗ ಶುಶ್ರೂಷಾಧಿಕಾರಿ. ಅದು ಯಾರ ನಾಲಗೆಗೂ ಹತ್ತಲಿಲ್ಲ. ನನಗೆ ಬೇಕಾಗಿಯೂ ಇಲ್ಲ.

– ಅಂದ್ರೆ ನಂಟಿನ ಹೆಸರೇ ಬೇಡ ಅಂತೀಯಾ?

– ಬೇಡ ಅನ್ನೋಕೂ ಮನಸ್ಸು ಬರಲ್ಲ. ಅದರ ಬೆಲೆ ದಿನಾ ಏರಿಳಿಯುತ್ತಲ್ಲ, ಅದು ನನಗೆ ಹಿಡಿಸಲ್ಲ. ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಸೀರೆ ಅಂಗಡಿಗೆ ಕಾಲಿಟ್ರೆ 'ಬನ್ನಿ ಅಕ್ಕಾ, ಕೂತ್ಕೊಳಿ ಅಕ್ಕಾ'. ಹತ್ತು ಸೀರೆ ಬಿಚ್ಚಿಸಿ ಏನೂ ತಗೊಳ್ಳದೇ ಎದ್ರೆ, 'ಏನಮ್ಮಾ, ಸುಮ್ಮನೆ ಬಿಚ್ಚಿಸ್ದೆಯಲ್ಲ'.

– ಆ ಏರಿಳಿತ ನೋಡ್ಬೇಕು ಅಂದ್ರೆ ಕೊಬ್ಬರಿ ಮಂಡಿಗೆ ಬರಬೇಕು ನೀನು. ನೋಡು, ಅಟ್ಟದ ಮೇಲೆ ಕಾಯಿ ಹತ್ತು ಹನ್ನೊಂದು ತಿಂಗಳು ಕೂತಿರುತ್ತೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದ್ರೆ ಲೊಡಲೊಡ ಅನ್ನಬೇಕು. ಆಮೇಲೆ ಸುಲಿಯೋದು, ಉಂಡೆ ಬಿರುಕು ಬಿಡದಂಗೆ ಚಿಪ್ಪು ಒಡೆಯೋದು, ಚೀಲ ತುಂಬೋದು. ವರ್ಷದ ದುಡಿಮೆ ಒಂದು ಗಾಡಿಯಲ್ಲಿ ಹೋಗಿ ಎಪಿಎಂಸಿ ಯಾರ್ಡಿನಲ್ಲಿ ಇಳಿಯುತ್ತೆ. ಆ ದಿನ ನಮ್ಮಂಥ ಬೆಳೆಗಾರ ಮಂಡಿಯಲ್ಲಿ 'ಗೌಡ್ರು'. 'ಬನ್ನಿ ಗೌಡ್ರೇ, ಟೀ ತರಿಸ್ಲಾ?' ಯಾರಾದ್ರೂ ಆಗಲಿ, ಬಾಯಿಗೆ ಬರೋದು ಗೌಡ್ರೇ ಅಂತಲೇ. ಆಷಾಢದಲ್ಲಿ ಮಗಳ ಫೀಸಿಗೆ ಅಂತ ಮುಂಗಡ ಕೇಳೋಕೆ ಹೋಗು, 'ಏನಪ್ಪಾ, ಈಗ ಬಂದ್ಯಾ' ಅಂತಾರೆ. ಮನುಷ್ಯ ಅವನೇ, ಮಂಡಿಯೂ ಅದೇ.

– ಚೀಲ ಹೊರೋ ಹಮಾಲಿ ಯಾವತ್ತೂ ಗೌಡ್ರು ಆಗಲ್ಲ.

– ಆಗಲ್ಲ. ಅವನಿಗೆ ವರ್ಷ ಪೂರ್ತಿ 'ಲೇ'. ಕ್ವಿಂಟಲ್‌ಗಟ್ಟಲೆ ಅವನ ಬೆನ್ನ ಮೇಲೆ ಹೋಗುತ್ತೆ, ಒಂದು 'ಅಪ್ಪ' ಸಿಗಲ್ಲ ಅವನಿಗೆ. ಇನ್ನೊಂದು ನೋಡಿದ್ದೀನಿ, ಅದು ಇದಕ್ಕಿಂತ ಕೆಟ್ಟದ್ದು. ಒಂದು ಮಂಡಿಯಲ್ಲಿ ಬಿಳಿ ಅಂಗಿ ಹಾಕ್ಕೊಂಡ ಒಬ್ಬರು ಕೂತಿದ್ರು. ಚೆನ್ನಾಗಿ ಬಲಿತ ಕೊಬ್ಬರಿ, ಹತ್ತಾರು ಚೀಲ. ಗುಮಾಸ್ತ ಗೌಡ್ರೇ, ಗೌಡ್ರೇ ಅಂತಿದ್ದ. ಮಾತಿನ ಮಧ್ಯೆ 'ಯಾವೂರಾಯ್ತು? ಯಾರ ಪೈಕಿ?' ಅಂತ ಕೇಳಿದ. ಅವರು ಊರು ಹೇಳಿದ್ರು, ಕೇರಿ ಹೇಳಿದ್ರು. ಗುಮಾಸ್ತ ಏನೂ ಕೆಟ್ಟ ಮಾತು ಆಡಲಿಲ್ಲ. ತೂಕವೂ ಸರಿಯಾಗೇ ಆಯ್ತು, ದುಡ್ಡೂ ಸರಿಯಾಗೇ ಕೊಟ್ಟ. ಆದ್ರೆ ಅಲ್ಲಿಂದ ಮುಂದೆ ಗೌಡ್ರೇ ಅನ್ನೋದು ನಿಂತುಹೋಯ್ತು. ಚೀಟಿಯಲ್ಲಿದ್ದ ಹೆಸರು ಹಿಡಿದು ಕೂಗಿದ. ಟೀ ಬರಲೇ ಇಲ್ಲ.

– ಅವರೇನಂದ್ರು?

– ಏನೂ ಅನ್ನಲಿಲ್ಲ. ದುಡ್ಡು ಎಣಿಸಿ ಎದ್ದು ಹೋದ್ರು. ನಾನು ಇದನ್ನ ಎಷ್ಟೋ ಜನರ ಹತ್ರ ಹೇಳಿದ್ದೀನಿ, 'ಅದರಲ್ಲೇನಿದೆ ಮೇಷ್ಟ್ರೇ, ಹೊಡೆದ್ರಾ, ಬೈದ್ರಾ' ಅಂತಾರೆ. ಕಿತ್ಕೊಂಡದ್ದು ಒಂದು ಮಾತೇ, ನಿಜ. ಆ ಮಾತಿನಲ್ಲಿ ಆ ಮನುಷ್ಯ ಹತ್ತು ನಿಮಿಷ ಕೂತಿದ್ರು. ಅಲ್ಲಿಂದ ಎಬ್ಬಿಸಿದ್ರು.

– ನಮ್ಮಪ್ಪನ ವಿಷಯ ನಿಮಗೆ ನೆನಪಿದೆಯಾ ಸಾರ್? ನನ್ನನ್ನ ಒಂದನೇ ಕ್ಲಾಸಿಗೆ ಸೇರಿಸೋಕೆ ಬಂದಾಗ ಸ್ಕೂಲಿನ ಜಗಲಿ ಹತ್ತಲಿಲ್ಲ. ಕೆಳಗೇ ನಿಂತು 'ಬುದ್ದೀ' ಅಂತ ಕೂಗಿದ್ರು.

– ನೆನಪಿದೆ. ನಾನು ಇಳಿದು ಬಂದು 'ಮೇಷ್ಟ್ರೇ ಅನ್ನಿ' ಅಂದೆ. 'ಆಗ್ಲಿ ಬುದ್ದೀ' ಅಂದ್ರು.

– ಕೊನೇ ತನಕ ಹಂಗೇ. ಊರವರ ಅಟ್ಟಗಳ ಕಾಯೆಲ್ಲ ಅವರೇ ಸುಲೀತಿದ್ರು. ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಚುಚ್ಚಿ ತಿರುವಿ ತಿರುವಿ ಅಂಗೈ ಜಡ್ಡುಗಟ್ಟಿಹೋಗಿತ್ತು. ನಮ್ಮಣ್ಣನ ವಯಸ್ಸಿನ ಹುಡುಗರನ್ನೂ ಬುದ್ದೀ ಅಂತಿದ್ರು, ಅವರು ಅಪ್ಪನನ್ನ 'ಬಾರೋ' ಅಂತಿದ್ರು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ ಮೇಲೆ ಕೇರಿಯ ಹುಡುಗರು ಒಬ್ಬೊಬ್ಬರೇ ಬುದ್ದಿ ಅನ್ನೋದು ಬಿಟ್ರಂತೆ. ಅಪ್ಪ ಬಿಡಲಿಲ್ಲ. ಹೆದರಿಕೆ ಅಂತ ನಾನು ಅಂದ್ಕೊಂಡಿದ್ದೆ. ನನಗೆ ಕೆಲಸ ಸಿಕ್ಕಿದ ಮೇಲೆ ಒಂದು ಸಲ ಎದೆ ನೋವು ಅಂತ ಆಸ್ಪತ್ರೆಗೆ ಕರಕೊಂಡು ಹೋದೆ. ಹೊಸ ಡಾಕ್ಟರು, ಚಿಕ್ಕ ವಯಸ್ಸು, ನಾನು ಯಾರ ಮಗಳು ಅಂತ ಅವರಿಗೆ ಗೊತ್ತಿಲ್ಲ. 'ಬನ್ನಿ ಯಜಮಾನ್ರೇ, ಕೂತ್ಕೊಳಿ. ಏನಾಗ್ತಿದೆ ಹೇಳಿ' ಅಂದ್ರು. ಅಪ್ಪ ಕೂರಲಿಲ್ಲ, ಹಿಂದೆ ಯಾರಿದ್ದಾರೆ ಅಂತ ತಿರುಗಿ ನೋಡಿದ್ರು. ಡಾಕ್ಟರು ಎದ್ದು ಬಂದು ತೋಳು ಹಿಡಿದು ಕೂರಿಸಿದ್ರು. ಆಮೇಲೆ ಔಷಧಿ ಏನು ಕೊಟ್ರು ಅಂತ ಅಪ್ಪ ಯಾರಿಗೂ ಹೇಳಲಿಲ್ಲ. 'ಯಜಮಾನ್ರೇ ಅಂದ್ರು ಕಣವ್ವ' ಅಂತ ಅಮ್ಮನಿಗೆ, ಅಕ್ಕಪಕ್ಕದವರಿಗೆ, ಎಲ್ಲರಿಗೂ ಹೇಳಿದ್ರು.

– ಇದನ್ನ ನೀನು ಇಷ್ಟು ದಿನ ನನಗೆ ಹೇಳೇ ಇರಲಿಲ್ಲ.

– ಹೇಳೋಕೆ ಆಗ್ತಿರಲಿಲ್ಲ ಸಾರ್. ಅದಕ್ಕೇ ಹೇಳೋದು, ಗೌರವದ ಮಾತು ಬರೀ ಒಣ ಉಪಚಾರ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. ಅದನ್ನ ಹುಟ್ಟಿದಾಗಿಂದ ಕೇಳಿ ಬೆಳೆದವರಿಗೆ ಮಾತ್ರ ಅದು ಉಪಚಾರ.

– ಶರಣರಿಗೆ ಇದು ಗೊತ್ತಿತ್ತು ಕಣಮ್ಮ. ಅವರ ಹೆಸರುಗಳನ್ನ ಒಂದು ಸಲ ಕೂಗಿ ನೋಡು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ. ಕಸುಬು ಮುಂದೆ, ಗೌರವ ಹಿಂದೆ, ಎರಡೂ ಒಂದೇ ಉಸಿರಿನಲ್ಲಿ. ಊರು ಯಾವ ಕಸುಬಿನ ಹೆಸರು ಹಿಡಿದು ಹೀಯಾಳಿಸ್ತಿತ್ತೋ ಅದನ್ನ ಅವರು ಮುಚ್ಚಿಡಲಿಲ್ಲ, ಅದಕ್ಕೇ ಅಯ್ಯ, ಅಮ್ಮ ಅಂತ ಸೇರಿಸಿ ಕರೆದ್ರು. ಬಸವಣ್ಣ, ಅಕ್ಕಮಹಾದೇವಿ ಅಂತ ಇವತ್ತಿಗೂ ಅವರನ್ನ ಅಣ್ಣ, ಅಕ್ಕ ಅಂತಲೇ ಕರೀತೀವಿ. ನಮ್ಮ ಊರುಗಳಲ್ಲಿ ಮನೆಮನೆಯಲ್ಲೂ ಬಸವಣ್ಣನ ಫೋಟೋ ಇದೆ. ಮಂಡಿಯಲ್ಲೂ ಇರುತ್ತೆ.

– ಫೋಟೋ ಕೆಳಗೇ ಯಾರ ಪೈಕಿ ಅಂತ ಕೇಳ್ತಾರೆ.

– ಕೇಳ್ತಾರೆ.

– ಈಗ ಹೊಸದಾಗಿ ಬಂದವರನ್ನ ನೋಡಿ. ತೆಂಗಿನ ಪೌಡರ್ ಫ್ಯಾಕ್ಟರಿಗಳಲ್ಲಿ, ತೋಟಗಳಲ್ಲಿ ಉತ್ತರದ ಕಡೆಯ ಹುಡುಗರು ಕೆಲಸಕ್ಕಿದ್ದಾರೆ. ಎಲ್ಲರೂ ಅವರನ್ನ 'ಭಯ್ಯಾ' ಅಂತಾರೆ. ಅಣ್ಣ ಅಂತಲೇ ಅರ್ಥ ಅಲ್ವಾ? ಆದ್ರೆ 'ನಾಳೆ ಇಬ್ಬರು ಭಯ್ಯಾಗಳನ್ನ ಕಳಿಸು' ಅನ್ನೋವಾಗ ಅದರಲ್ಲಿ ಅಣ್ಣ ಎಲ್ಲಿದ್ದಾನೆ? ಕೈ ಯಂತ್ರಕ್ಕೆ ಸಿಕ್ಕಿ ಒಬ್ಬ ಹುಡುಗ ನಮ್ಮ ವಾರ್ಡಿಗೆ ಬಂದಿದ್ದ. ಕರಕೊಂಡು ಬಂದವರಿಗೆ ಅವನ ಹೆಸರೇ ಗೊತ್ತಿರಲಿಲ್ಲ. ಚೀಟಿಯಲ್ಲಿ ಬರೆಯೋಕೆ ಹೆಸರು ಕೇಳಿದ್ರೆ 'ಭಯ್ಯಾ ಅಂತ ಹಾಕ್ಕೊಳಿ' ಅಂದ್ರು.

– ಹೆಸರು ಕೇಳಿ ಬರೆದ್ಯಾ?

– ಬರೆದೆ. ಅವನೇ ಅಕ್ಷರ ಅಕ್ಷರ ಹೇಳಿದ.

– ನೀನು ಮೊದಲೇ ಏಕವಚನದ ಮಾತು ತೆಗೆದೆಯಲ್ಲ, ನನ್ನ ಪ್ರಕಾರ ಅಲ್ಲೇ ಎಲ್ಲಾ ಇದೆ. ಅಣ್ಣನೋ ಸಾರೋ ಏನಂತ ಕರೆದ್ರು ಅನ್ನೋದಕ್ಕಿಂತ ಆಮೇಲೆ 'ಬಾ' ಅಂದ್ರಾ 'ಬನ್ನಿ' ಅಂದ್ರಾ ನೋಡು. ಹಂಗಂತ ಏಕವಚನ ಎಲ್ಲಾ ಕಡೆ ಅವಮಾನ ಅಲ್ಲ ನಮ್ಮಲ್ಲಿ. ಹಡೆದ ತಾಯಿಗೆ 'ನೀನು' ಅಂತೀವಿ. ತಿಪಟೂರಿನ ಊರದೇವತೆ ಕೆಂಪಮ್ಮನ ಮುಂದೆ ಕೈ ಮುಗಿದು 'ಕಾಪಾಡವ್ವ ನೀನೇ' ಅಂತೀವಿ. ಎಂಬತ್ತು ವರ್ಷದ ಅಜ್ಜಿ ತಹಸೀಲ್ದಾರರನ್ನ 'ಬಾರಪ್ಪ, ಕೂತ್ಕೋ' ಅಂದ್ರೆ ಅವರು ನಕ್ಕು ಕೂರ್ತಾರೆ.

– ತಹಸೀಲ್ದಾರರು ಅಜ್ಜಿಗೆ ಹಂಗಂದ್ರೆ?

– ಅದನ್ನೇ ಹೇಳೋಕೆ ಬಂದೆ. 2024ರ ಶುರುವಿನಲ್ಲಿ ಬೆಂಬಲ ಬೆಲೆಗೆ ಕೊಬ್ಬರಿ ಕೊಡೋಕೆ ಹೆಸರು ನೋಂದಾಯಿಸಬೇಕಿತ್ತಲ್ಲ. ಉಂಡೆ ಕೊಬ್ಬರಿಗೆ ಕೇಂದ್ರದ್ದು ಕ್ವಿಂಟಲಿಗೆ 12,000, ರಾಜ್ಯದ್ದು ಮೇಲೆ 1,500. ಹೊರಗೆ ಮಾರುಕಟ್ಟೆಯಲ್ಲಿ ಅದರ ಹತ್ತಿರಕ್ಕೂ ರೇಟ್ ಇರಲಿಲ್ಲ. ಜನ ರಾತ್ರಿಯಿಂದಲೇ ಚಾಪೆ, ಹೊದಿಕೆ ತಂದು ಸಾಲಿನಲ್ಲಿ ಮಲಗಿದ್ರು. ನಾನೂ ಒಂದು ಕೇಂದ್ರದ ಮುಂದೆ ನಿಂತಿದ್ದೆ. ನನ್ನ ಮುಂದೆ ಒಬ್ಬಳು ಮುದುಕಿ, ಕೈಯಲ್ಲಿ ಪಹಣಿ, ಆಧಾರ್ ಕಾರ್ಡು ಮಡಚಿಟ್ಟ ಪ್ಲಾಸ್ಟಿಕ್ ಕವರು. ಆಯಮ್ಮನ ಬೆರಳಚ್ಚು ಯಂತ್ರಕ್ಕೆ ಹತ್ತಲಿಲ್ಲ. ಒಂದು ಬೆರಳು, ಇನ್ನೊಂದು ಬೆರಳು, ಸೆರಗಿನಲ್ಲಿ ಒರೆಸಿ ಮತ್ತೆ. 'ಏಯ್ ಅಜ್ಜಿ, ನೆಟ್ಟಗೆ ಇಡು. ಬೆರಳು ಇಲ್ವಾ ನಿಂಗೆ? ಆ ಕಡೆ ನಿಂತ್ಕೋ' ಅಂದ ಯಂತ್ರದ ಹತ್ರ ಕೂತಿದ್ದ ಹುಡುಗ. ಆಯಮ್ಮ 'ಅಪ್ಪಾ, ನನ್ನಪ್ಪಾ, ಇನ್ನೊಂದ್ಸಲ ನೋಡಪ್ಪಾ' ಅಂತಿದ್ಲು. ಇಬ್ಬರದ್ದೂ ಏಕವಚನವೇ. ಇಬ್ಬರೂ ನಂಟಿನ ಹೆಸರನ್ನೇ ಹಿಡಿದಿದ್ದಾರೆ, ಅವನು ಅಜ್ಜಿ, ಅವಳು ಅಪ್ಪ. ಒಬ್ಬಳು ಬೇಡ್ತಿದ್ದಾಳೆ, ಒಬ್ಬ ತಳ್ತಿದ್ದಾನೆ. ಅವಳ ಹಿಂದೆ ನಾನು ಹೋದೆ, ಕನ್ನಡಕ, ಇಸ್ತ್ರಿ ಮಾಡಿದ ಅಂಗಿ. 'ಬನ್ನಿ ಸಾರ್, ಬೆರಳು ಇಡಿ ಸಾರ್'.

– ನೀವೇನು ಮಾಡಿದ್ರಿ?

– 'ಅವರದ್ದು ಮುಗಿಸಿ, ಆಮೇಲೆ ನಂದು' ಅಂದೆ. ಆ ಹುಡುಗನನ್ನೂ ನಾನು ಬಹುವಚನದಲ್ಲೇ ಮಾತಾಡಿಸಿದೆ. ಐದನೇ ಸಲಕ್ಕೋ ಆರನೇ ಸಲಕ್ಕೋ ಹೆಬ್ಬೆರಳು ಹತ್ತಿತು.

– ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಮಾತೂರು ಅಂತ ಒಂದು ಗ್ರಾಮ ಪಂಚಾಯಿತಿ ಇದೆ ಸಾರ್. 2021ರಲ್ಲಿ ಅವರು ಒಂದು ನಿರ್ಣಯ ಮಾಡಿದ್ರು. ಕಚೇರಿಗೆ ಬರೋ ಜನ ಯಾರನ್ನೂ ಸಾರ್, ಮೇಡಂ ಅನ್ನಬೇಕಾಗಿಲ್ಲ, ನೌಕರರ ಹೆಸರು, ಹುದ್ದೆ ಮೇಜಿನ ಮೇಲೆ ಬರೆದಿರುತ್ತೆ, ಅದರಿಂದ ಕರೀಬಹುದು. ಅರ್ಜಿಯಲ್ಲಿ ಬೇಡಿಕೊಳ್ಳೋ ಥರದ ಮಾತೂ ಬೇಡ, ಕೇಳೋದು ಜನರ ಹಕ್ಕು ಅಂತ. ನಮ್ಮ ಪಂಚಾಯಿತಿಗಳಲ್ಲೂ ಹಂಗೇ ಮಾಡಬಾರದಾ?

– ಒಳ್ಳೇ ಕೆಲಸ. ಕೋರ್ಟಿನಲ್ಲೂ ಆಗಿದೆ. 'ಮೈ ಲಾರ್ಡ್' ಬೇಡ ಅಂತ ವಕೀಲರ ಪರಿಷತ್ತು 2006ರಲ್ಲೇ ನಿಯಮ ಮಾಡಿತ್ತು. 2021ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಗಳು ಪಿ. ಕೃಷ್ಣ ಭಟ್ ಅವರು ಸರ್ ಅಂದ್ರೆ ಸಾಕು ಅಂದ್ರು, ಜ್ಯೋತಿ ಮೂಲಿಮನಿಯವರು ಮೇಡಂ ಅಂದ್ರೆ ಸಾಕು ಅಂದ್ರು. ಸಂವಿಧಾನದ 18ನೇ ವಿಧಿ ಸರ್ಕಾರ ಬಿರುದು ಹಂಚೋದನ್ನೇ ನಿಲ್ಲಿಸ್ತು, ಸೇನೆ, ವಿದ್ಯೆಗೆ ಸಂಬಂಧಪಟ್ಟದ್ದು ಬಿಟ್ಟು. ಆ ಸಂವಿಧಾನದ ಅತಿ ದೊಡ್ಡ ಹುದ್ದೆಗೆ 'ರಾಷ್ಟ್ರಪತಿ' ಅನ್ನೋ ಹೆಸರು ಸೂಚಿಸಿದೋರು ಕನ್ನಡದ ವಿದ್ವಾಂಸ ತೀ.ನಂ.ಶ್ರೀ ಅಂತ ಹೇಳ್ತಾರೆ. ಇಲ್ಲೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದೋರು. ಹುದ್ದೆಗೆ ಹೆಸರು ಇರಲಿ, ಬೇಡ ಅನ್ನಲ್ಲ. ಆದ್ರೆ ಮಾತೂರಿನ ನಿರ್ಣಯ ನಮ್ಮಲ್ಲಿ ಹಂಗೇ ನಡೆಯಲ್ಲ ಅಂತ ನನಗನ್ನಿಸುತ್ತೆ.

– ಯಾಕೆ?

– ನಮ್ಮ ಅಜ್ಜಿ ಪಿಡಿಒ ಹೆಸರು ಹಿಡಿದು ಕರೀತಾರಾ? ಸಾಯೋ ತನಕ ಕರೆಯಲ್ಲ. ನಿಮ್ಮಪ್ಪನಿಗೆ 'ಮೇಷ್ಟ್ರೇ ಅನ್ನಿ' ಅಂತ ನಾನು ಹೇಳಿದ್ರೆ 'ಆಗ್ಲಿ ಬುದ್ದೀ' ಅಂದ್ರಲ್ಲ! ಹೊರಗೆ ನಿಂತವರ ನಾಲಗೆ ತಿದ್ದೋಕೆ ಹೊರಟ್ರೆ ಅವರಿಗೆ ಇನ್ನೊಂದು ಭಯ ಸೇರಿಸಿದಂಗೆ. ತಿದ್ದಬೇಕಾದ್ದು ಒಳಗೆ ಕುರ್ಚಿಯಲ್ಲಿ ಕೂತವರ ನಾಲಗೆ. ಸ್ವೀಡನ್ನಿನಲ್ಲಿ 1960ರ ದಶಕದ ಕೊನೆಯಲ್ಲಿ ಎಲ್ಲರೂ ಎಲ್ಲರನ್ನೂ ಏಕವಚನದಲ್ಲಿ ಮಾತಾಡಿಸೋದು ರೂಢಿಗೆ ಬಂತು. ಬ್ರೋರ್ ರೆಕ್ಸೆದ್ ಅಂತ ಅಲ್ಲಿಯ ವೈದ್ಯಕೀಯ ಮಂಡಳಿ ಮುಖ್ಯಸ್ಥರು 1967ರಲ್ಲಿ ತಮ್ಮ ಸಿಬ್ಬಂದಿಗೆ ಹಂಗೆ ಹೇಳಿದ್ದು ಹೆಸರಾಗಿದೆ. ಅವರು ಎಲ್ಲರನ್ನೂ 'ನೀನು'ವಿಗೆ ತಂದು ಸಮ ಮಾಡಿದ್ರು. ನಮ್ಮಲ್ಲಿ ಅದು ಆಗಲ್ಲ, 'ನೀನು' ಅಂತ ಅನ್ನಿಸಿಕೊಂಡೇ ಸವೆದ ಜನ ಇದ್ದಾರೆ ಇಲ್ಲಿ. ನಾವು ಎಲ್ಲರನ್ನೂ 'ನೀವು'ವಿಗೆ ಏರಿಸಬೇಕು.

– ನೀವು ನನ್ನನ್ನ 'ನೀನು' ಅಂತೀರಲ್ಲ ಸಾರ್.

– ಬೇಡ ಅಂದ್ರೆ ಇವತ್ತಿಂದಲೇ ಬಿಡ್ತೀನಿ.

– ಬೇಕು ನನಗೆ. ಅದನ್ನ ಹೇಳೋಕೆ ಕೇಳಿದೆ. ಇಲ್ಲಿ ಜಗಲಿಯಲ್ಲಿ ನೀನು ಅಂತೀರಿ. ಬಿಪಿ ತೋರಿಸೋಕೆ ಆಸ್ಪತ್ರೆಗೆ ಬಂದಾಗ ಎಲ್ಲರ ಮುಂದೆ 'ಸಿಸ್ಟರ್, ನೀವು ಬಿಡುವಾದಾಗ ನೋಡಿ' ಅಂತೀರಿ. ಒಂದು ಸಲ ಹಂಗಂದ ದಿನ ವಾರ್ಡಿನಲ್ಲಿ ನಿಮ್ಮ ಜಾತಿಯವರೂ ಇದ್ರು, ನಿಮ್ಮ ಊರಿನವರೂ ಇದ್ರು. ಅವರಲ್ಲಿ ಇಬ್ಬರು ಅದುವರೆಗೆ ನನ್ನನ್ನ 'ಏನಮ್ಮಿ' ಅಂತಿದ್ರು. ಅಲ್ಲಿಂದ ಮುಂದೆ 'ಸಿಸ್ಟರ್, ಬನ್ನಿ' ಅಂದ್ರು. ನೀವು ಯಾರಿಗೂ ಬುದ್ಧಿ ಹೇಳಲಿಲ್ಲ. ಅವರ ಎದುರಿಗೆ ನನ್ನನ್ನ ನೀವು ಅಂದ್ರಿ, ಅಷ್ಟೇ.

– ಅದು ನಿನ್ನ ಕೆಲಸಕ್ಕೆ ಸಲ್ಲಬೇಕಾದ್ದು.

– ಕೆಲಸಕ್ಕೆ ಅಂತ ಬಿಟ್ರೆ ಕೆಲಸ ಇಲ್ಲದ ಆ ಸಾಲಿನ ಅಜ್ಜಿಗೆ ಏನು ಸಾರ್? ಆಯಮ್ಮನಿಗೂ ಸಿಗಬೇಕು. ಅದಕ್ಕೇ ನಮ್ಮ ಗ್ರಾಮಸಭೆಗೆ ಅಂತ ಒಂದು ಅರ್ಜಿ ಬರೆದಿದ್ದೀನಿ, ನೋಡಿ. ಎರಡೇ ಬೇಡಿಕೆ. ಪಂಚಾಯಿತಿ, ನ್ಯಾಯಬೆಲೆ ಅಂಗಡಿ, ಆಸ್ಪತ್ರೆ, ಕೊಬ್ಬರಿ ಖರೀದಿ ಕೇಂದ್ರ, ಎಲ್ಲಾ ಕಡೆ ನೌಕರರು ಬಂದವರನ್ನೆಲ್ಲ ಬಹುವಚನದಲ್ಲಿ ಮಾತಾಡಿಸಬೇಕು. ಅಜ್ಜಿ ಅನ್ನಲಿ, ಅಣ್ಣ ಅನ್ನಲಿ, ಅಮ್ಮ ಅನ್ನಲಿ, ಆಮೇಲೆ 'ಬನ್ನಿ' ಇರಬೇಕು. ಎರಡನೇದು, ಕೆಲಸಕ್ಕೆ ಸಂಬಂಧ ಇಲ್ಲದೇ ಯಾರನ್ನೂ ಯಾರ ಪೈಕಿ ಅಂತ ಕೇಳಬಾರದು.

– 'ಘನ ಸನ್ನಿಧಾನಕ್ಕೆ', 'ತಮ್ಮ ವಿಧೇಯ' ಅಂತೆಲ್ಲ ಬರೆದಿದೀಯಾ?

– ಇಲ್ಲ. ಮಾನ್ಯರೇ ಅಂತ ಶುರು ಮಾಡಿ, ಕೊನೆಗೆ ಹೆಸರು ಹಾಕಿದ್ದೀನಿ.

– ಚೆನ್ನಾಗಿದೆ. ಎರಡನೇದಕ್ಕೆ ಗಲಾಟೆ ಆಗುತ್ತೆ.

– ಆಗಲಿ ಸಾರ್. ಮೊದಲ ಸಹಿ ನಿಮ್ಮದು ಹಾಕಿ. ಸಭೆಯ ದಿನ ನಿಮ್ಮ ಬೀದಿಯ ಹೆಂಗಸರನ್ನ, ಕಾಯಿ ಸುಲಿಯೋರನ್ನ, ಚೀಲ ಹೊರೋರನ್ನ ಕರಕೊಂಡು ಬನ್ನಿ. ಅವರೇ ಎದ್ದು ನಿಂತು ಕೇಳಲಿ.